ಸಮುದ್ರ ಶಾಂತ

ಹನ್ನೆರಡು ದಿನದಿಂದ ಸಮುದ್ರ ಮಿಸುಕಿರಲಿಲ್ಲ. ಅಲ್ಲಿ ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಕಲಿಸುತ್ತಿದ್ದ ಅವನು ದಿನಾ ಬೆಳಿಗ್ಗೆ ಫೇಸ್‌ಬುಕ್‌ನಲ್ಲಿ ‘ಇವತ್ತೂ ಅಲೆ ಇಲ್ಲ’ ಎಂದು ಬರೆಯುತ್ತಿದ್ದ. ಅದು ನಿಜವೂ ಆಗಿತ್ತು.

ಹದಿಮೂರನೇ ಬೆಳಿಗ್ಗೆ ಆಳೆತ್ತರದ ಅಲೆಗಳು ಎದ್ದಿದ್ದವು. ನಿಜ ಬರೆದರೆ ಮುಗಿಯಿತು, ಪೇಟೆಯ ಶೋಕಿಲಾಲರೆಲ್ಲ ಕಾರಿನ ತಲೆಗೆ ಹಲಗೆ ಬಿಗಿದುಕೊಂಡು ಬಂದು ವಕ್ಕರಿಸುತ್ತಾರೆ. ಹಲಗೆಯ ಮೇಲೆ ನೆಟ್ಟಗೆ ನಿಲ್ಲಲು ಬಾರದ, ಸೆಲ್ಫಿಗೆಂದೇ ಹುಟ್ಟಿದ ಜನ! ‘ಇನ್ನೂ ನಾಲ್ಕು ದಿನ ಸಮುದ್ರ ಶಾಂತ’ ಎಂದು ಬರೆದು, ತನ್ನ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ನೀರಿನ ಕಡೆ ಹೊರಟ.

ಎರಡು ತಾಸು ಅಲೆಯಲ್ಲಿ ಆಡಿ ದಡಕ್ಕೆ ಬಂದಾಗ ಫೋನ್ ಬಂತು. ಹೆಂಗಸಿನ ದನಿ.

“ಸರ್, ಸಮುದ್ರ ನಿಜವಾಗ್ಲೂ ಶಾಂತವಾಗಿದೆಯಾ?”

ಬಂತು ನೋಡು ಒಂದು, ಎಂದುಕೊಂಡ. “ಕೆರೆಯ ಹಾಗೆ ಉಂಟು ಮಾರಾಯ್ರೆ.”

“ಸಣ್ಣ ಅಲೆನೂ ಇಲ್ವಾ?”

“ನಿಮ್ಮ ಮನೆಯ ಬಕೆಟ್ಟಿನಲ್ಲಿ ಇದಕ್ಕಿಂತ ದೊಡ್ಡ ಅಲೆ ಏಳ್ತದೆ. ನಿಮ್ಮಂಥವರು ಬಂದರೂ ದಂಡ.”

“ಅಯ್ಯೋ, ನಾವು ಸರ್ಫಿಂಗ್‌ನವರಲ್ಲ ಸರ್,” ಆಕೆ ನಕ್ಕಳು. “ನಾನು ಸ್ಕೂಲ್ ಟೀಚರ್. ನೀವು ಬರೆದಿದ್ದು ನೋಡಿಯೇ ಎರಡನೇ ಕ್ಲಾಸಿನ ಮಕ್ಕಳನ್ನ ಕರ್ಕೊಂಡು ಬಂದ್ವಿ. ಬಸ್ಸು ಗಾಳಿಮರದ ತೋಪಿನ ಹಿಂದೆ ನಿಂತಿದೆ. ಇಲ್ಲಿಂದ ನೀರು ಕಾಣ್ತಿಲ್ಲ ನೋಡಿ, ಇಳಿಸೋ ಮೊದಲು ಒಂದ್ಸಲ ಕೇಳೋಣ ಅಂತ ಫೋನ್ ಮಾಡಿದೆ.”

ಅವನು ಬಾಯಿ ತೆರೆಯುವಷ್ಟರಲ್ಲಿ ಆಕೆ ಮಕ್ಕಳತ್ತ ತಿರುಗಿ ಕೂಗಿದಳು:

“ಏನೂ ಭಯ ಇಲ್ವಂತೆ, ಓಡ್ರೋ!”