ಪಕ್ಕದ ಮನೆಯ ಕೋಪ

ಬಾಗಿಲು ತೆರೆದಾಗ ನರ್ಸಮ್ಮನ ಬಲಗೈಯಲ್ಲಿ ಮರದ ಅಟ್ಟೆಯ ಚಪ್ಪಲಿ ಇತ್ತು. ರಾತ್ರಿಯೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ಬಂದು, ಪರದೆ ಎಳೆದು ಮಲಗಿದವಳಿಗೆ ಇನ್ನೇನು ನಿದ್ದೆ ಹತ್ತಬೇಕು, ಪಕ್ಕದ ಮನೆಯಲ್ಲಿ ಡ್ರಮ್ಮು ಶುರುವಾಗಿತ್ತು. ಎರಡು ಮನೆಗೂ ಒಂದೇ ಗೋಡೆ. ಅದೇ ಚಪ್ಪಲಿಯಿಂದ ಆ ಗೋಡೆಗೆ ದಬದಬ ಬಡಿದು ಸಾಕಾಗಿ, ಇವತ್ತು ಎದುರೆದುರೇ ಇತ್ಯರ್ಥವಾಗಲಿ ಎಂದು ಟೊಂಕ ಕಟ್ಟಿ ಬಂದಿದ್ದಳು.

ಬಾಗಿಲು ತೆರೆದವಳು ಆ ಮನೆಯ ಬ್ಯಾಂಡಿನ ಹಾಡುಗಾರ್ತಿ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ನರ್ಸಮ್ಮ ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಯಾಕೆ ನಿಲ್ಲಿಸಿಬಿಟ್ರಿ?"

ಆ ಬಾಗಿಲಿನಿಂದ ಈ ಬಾಗಿಲಿನವರೆಗೆ ಜೋಡಿಸಿಕೊಂಡು ಬಂದಿದ್ದ ನರ್ಸಮ್ಮನ ಬೈಗುಳಕ್ಕೆ ಅವಕಾಶವನ್ನೇ ಕೊಡದೆ ಹಾಡುಗಾರ್ತಿ ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ಕೂರಲು ಜಾಗವಿರಲಿಲ್ಲ. ಮಂಚವನ್ನು ಎತ್ತಿ ಮೂಲೆಗೆ ನಿಲ್ಲಿಸಿ, ಹಾಸಿಗೆಯನ್ನು ಗೋಡೆಗೆ ಒರಗಿಸಿದ್ದರು. ಡ್ರಮ್ಮುಗಳ ಹಿಂದೆ ಹಾಡುಗಾರ್ತಿಯ ತಮ್ಮ, ಕಿಟಕಿಯ ಹತ್ತಿರ ಗಿಟಾರು ಹೊತ್ತ ಅವಳ ಗಂಡ. ಭಾವ ಮೈದುನ ಜಗಳವಾಡಿಕೊಂಡು ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ರೆಕಾರ್ಡು ಕಂಪನಿಯವರು ಇವರ ಹಾಡುಗಳನ್ನು ಕೇಳಿ, ಎಲ್ಲ ಚೆನ್ನಾಗಿದೆ, ಜೀವ ಒಂದಿಲ್ಲ ಎಂದು ಟೇಪನ್ನು ವಾಪಸು ಕಳಿಸಿದ್ದರು. ಎರವಲು ತಂದ ರೆಕಾರ್ಡಿಂಗ್ ಯಂತ್ರವನ್ನು ಸಂಜೆಗೆ ಹಿಂದಿರುಗಿಸಬೇಕು, ಹಾಡುಗಾರ್ತಿಯ ತಮ್ಮ ನಾಳೆಯಿಂದ ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಬೇಕು. ಇವತ್ತು ಆದರೆ ಆಯಿತು, ಇಲ್ಲದಿದ್ದರೆ ಈ ಬ್ಯಾಂಡಿನ ಕಥೆ ಮುಗಿದಂತೆಯೇ.

ಹಾಡುಗಾರ್ತಿ ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿಸಿದಳು. ಮೊದಮೊದಲು ಹಾಡು ಹೊಸ ನೆಂಟರ ಮನೆಗೆ ಬಂದವರ ಹಾಗೆ ಹಿಂಜರಿಯುತ್ತ ಬಂತು. ಅಷ್ಟರಲ್ಲಿ ಹಾಸಿಗೆಯನ್ನೂ ದಾಟಿಕೊಂಡು ದಬ್, ದಬ್, ದಬ್. ಬೆಚ್ಚಿಬಿದ್ದ ತಮ್ಮ ಡ್ರಮ್ಮಿಗೆ ಸಿಕ್ಕಾಪಟ್ಟೆ ಬಾರಿಸಿದ. ಅವನನ್ನು ಹಿಡಿಯಲು ಗಿಟಾರು ಅಟ್ಟಿಸಿಕೊಂಡು ಹೋಯಿತು. ಅಲ್ಲಿಯವರೆಗೆ ಅಚ್ಚುಕಟ್ಟಾಗಿ ಹಾಡುತ್ತಿದ್ದವಳು ಹೊಟ್ಟೆಯ ಆಳದಿಂದ ಕೂಗಿದಳು. ಯಂತ್ರದಲ್ಲಿ ಸದ್ದು ಅಳೆಯುವ ಮುಳ್ಳು ಕೆಂಪು ಗೆರೆ ದಾಟಿ ಅಲ್ಲೇ ನಿಂತಿತು. ಆಮೇಲೆ ಚಪ್ಪಲಿಯ ಸದ್ದು ನಿಂತುಹೋಯಿತು. ಹಾಡು ಗಾಳಿ ಹೋದ ಚಕ್ರದಂತೆ ನಾಲ್ಕು ಸುತ್ತು ಉರುಳಿ ಕುಸಿಯಿತು.

"ಅದು ನಾನಾ?" ಎಂದಳು ನರ್ಸಮ್ಮ.

ಅವಳಿಗೆ ನಿಜಕ್ಕೂ ಖುಷಿಯಾಗಿತ್ತು. ವಾರ್ಡಿನಲ್ಲಿ ಮೆಲ್ಲಗೆ ನಡೆದು, ಮೆಲ್ಲಗೆ ಮಾತಾಡಿ, ಬಾಗಿಲನ್ನೂ ಸದ್ದಾಗದಂತೆ ಮುಚ್ಚುವವಳು. ತನ್ನ ಕೋಪ ಇಷ್ಟು ಚೆನ್ನಾಗಿದೆ ಎಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಅದನ್ನೇ ಇನ್ನೊಂದು ಸಲ, ಹಾಡಿನ ಕೊನೆಯವರೆಗೂ ಬಡಿಯಬೇಕೆಂದು ಮೂವರೂ ದುಂಬಾಲು ಬಿದ್ದರು. ನರ್ಸಮ್ಮ ಒಪ್ಪಿ, ಗೋಡೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಬಡಿದಳು. ಪೇಷಂಟ್ ರೂಮಿನ ಬಾಗಿಲು ತಟ್ಟಿದ ಹಾಗಿದೆ ಎಂದ ತಮ್ಮ. ಯಾರ ಮೇಲಾದರೂ ಸಿಟ್ಟಿದ್ದರೆ ಅವರನ್ನು ನೆನಪಿಸಿಕೊಳ್ಳಿ ಎಂದು ಹಾಡುಗಾರ್ತಿಯ ಗಂಡ ಉಪಾಯ ಹೇಳಿದ. ಅವಳು ತನ್ನ ಮೇಲಿನ ಹೆಡ್ ನರ್ಸನ್ನು ನೆನಪಿಸಿಕೊಂಡಳು. ಏಟು ಇನ್ನೂ ಮೆತ್ತಗಾಯಿತು, ಅವರೆದುರು ಅವಳಿಗೆ ಅದೇ ಅಭ್ಯಾಸ. ಹೋಗಲಿ ಬಿಡಿ, ಆದಷ್ಟಾಗಲಿ ಎಂದು ಗಂಡ ಗಿಟಾರು ಕೆಳಗಿಟ್ಟ.

ನರ್ಸಮ್ಮ ಗೋಡೆಗೆ ಒರಗಿಸಿದ್ದ ಹಾಸಿಗೆಯನ್ನು ಚಪ್ಪಲಿಯಿಂದಲೇ ತೋರಿಸಿ, ಇದೇಕೆ ಇಲ್ಲಿದೆ ಎಂದು ಕೇಳಿದಳು.

"ನಿಮಗೆ ತೊಂದರೆ ಆಗಬಾರ್ದಲ್ಲ," ಎಂದಳು ಹಾಡುಗಾರ್ತಿ. "ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ ನೋಡ್ಕೊಂಡೇ ನುಡಿಸ್ತೀವಿ."

"ರೋಗ ಇರೋದೇ ಅಲ್ಲಿ." ನರ್ಸಮ್ಮ ಹಾಸಿಗೆಯ ಅಂಚು ಹಿಡಿದು ಎಳೆದಳು. ಅದು ಧೂಳೆಬ್ಬಿಸಿಕೊಂಡು ನೆಲಕ್ಕೆ ಬಿತ್ತು. "ಕೇಳಿಸಬಾರ್ದು ಅಂತ ನುಡಿಸಿದ್ರೆ ಯಾರಿಗೆ ತಾನೇ ಕೇಳಿಸುತ್ತೆ? ಇಲ್ಲಿ ನಿಂತು ಬಡಿ ಅಂದ್ರೆ ನನಗೆ ಬರಲ್ಲಮ್ಮ, ನನ್ನ ಕೋಪ ಸುಳ್ಳಿಗೆಲ್ಲ ಬರೋದಲ್ಲ. ನಾನು ಹೋಗಿ ಮಲಗ್ತೀನಿ. ಕಣ್ಮುಚ್ಚಿಕೊಂಡು ನಿಮಗಾಗಿ ಕಾಯ್ತಾ ಇರಲ್ಲ, ನಿದ್ದೆನೇ ಮಾಡ್ತೀನಿ. ತಾಕತ್ತಿದ್ರೆ ಎಬ್ಬಿಸಿ ನೋಡಿ."

ಹಾಗೆಂದವಳು ಹಿಂದಿರುಗಿಯೂ ನೋಡದೆ ನಡೆದುಬಿಟ್ಟಳು. ಭಾವ ಮೈದುನ ಅವತ್ತು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇವರು ಅವತ್ತು ನುಡಿಸಿದ ಬಗೆಯ ಸಂಗೀತಕ್ಕೆ ಆಗಿನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಹೆಸರು ಬಂದ ಮೇಲೆ, ಎಷ್ಟೋ ಹುಡುಗ ಹುಡುಗಿಯರು ಮುಂದೆ ಹೊರಬಂದ ಇವರ ರೆಕಾರ್ಡು ಕೇಳಿಯೇ ಸೆಕೆಂಡ್ ಹ್ಯಾಂಡ್ ಗಿಟಾರು ಕೊಂಡು, ತಮ್ಮ ಅಕ್ಕಪಕ್ಕದವರ ನಿದ್ದೆ ಕೆಡಿಸಿದರು. ಕೊನೆಯ ಹಾಡಿನಲ್ಲಿ ಕೇಳುವ ಆ ದಬದಬ ಯಾವ ವಾದ್ಯದ್ದು ಎಂದು ಅವರು ಈಗಲೂ ಜಗಳವಾಡುತ್ತಾರೆ. ಸರಿಯಾದ ಉತ್ತರ ಯಾರ ಬಾಯಲ್ಲೂ ಬಂದಿಲ್ಲ.

ನರ್ಸಮ್ಮ ಮನೆಗೆ ಬಂದು, ಪರದೆ ಸರಿಮಾಡಿ, ಚಪ್ಪಲಿಯನ್ನು ದಿಂಬಿನ ಪಕ್ಕದ ನೆಲದ ಮೇಲಿಟ್ಟು ಹೊದ್ದು ಮಲಗಿದಳು. ಕೊಟ್ಟ ಮಾತಿನಂತೆ ನಿದ್ದೆ ಹೋದಳು, ಗೊರಕೆಯೂ ಬಂತು. ಆಚೆ ಬಹಳ ಹೊತ್ತು ನಿಶ್ಶಬ್ದವಾಗಿತ್ತು. ಆಮೇಲೆ ಮೇಜಿನ ಮೇಲಿದ್ದ ಲೋಟದ ನೀರು ನಡುಗಿತು, ಕಿಟಕಿಯ ಗಾಜು ಗಡಗಡ ಎಂದಿತು, ಗೋಡೆಯ ಸುಣ್ಣ ಉದುರಿ ಅವಳ ಕೆನ್ನೆಯ ಮೇಲೆ ಬಿತ್ತು. ಕಣ್ಣು ತೆರೆಯುವ ಮೊದಲೇ ಅವಳ ಕೈ ಚಪ್ಪಲಿಯನ್ನು ಹಿಡಿದಿತ್ತು.