ಆಕ್ಲಂಡಿನಿಂದ ಔರಾದಿಗೆ

ತೊಟ್ಟಿಲು ಸಿಂಗರಿಸಿ ಆಗಿತ್ತು, ಕೂಸಿಗೆ ಹೊಸ ಕುಂಚಿಗೆ ಕಟ್ಟಿ ಆಗಿತ್ತು. ಆಗ ಮಂಜಿರಿಯ ಫೋನ್ ಬಂತು. ಸಿಂಗಪುರದಲ್ಲಿ ಬೆಳಿಗ್ಗೆ ಹೈದರಾಬಾದಿನ ವಿಮಾನ ತಪ್ಪಿತು, ಹಗಲೆಲ್ಲ ಬೇರೆ ಹುಡುಕಿದೆ, ಇನ್ನು ಸಿಗುವುದು ನಾಳೆಯದೇ ಅಂತ. ಬಾಣಂತಿಯ ತವರಾದ ಔರಾದಿನ ಆ ಪಡಸಾಲೆಯಲ್ಲಿ ಕೂತ ಹೆಂಗಸರೆಲ್ಲ ಕೂಸಿನ ತಂದೆ ಅಜಿಂಕ್ಯನ ಕಡೆ ನೋಡಿದರು.

ನೋಡದೆ ಏನು ಮಾಡ್ಯಾರು? ಭಾನುವಾರ ಸಂಜೆಯೇ ಹೆಸರಿಡುವುದೆಂದು ಗೊತ್ತು ಮಾಡಿದವನು ಅವನೇ. ತಂಗಿ ಮಂಜಿರಿ ಆಕ್ಲಂಡಿನಲ್ಲಿ ನರ್ಸು, ಶನಿವಾರಕ್ಕಿಂತ ಮೊದಲು ರಜೆ ಇಲ್ಲವೆಂದಿದ್ದಳು. ಈ ಮಹಾಶಯ ಭಾಲ್ಕಿಯ ಮನೆಯಲ್ಲಿ ಕೂತು ಆಕ್ಲಂಡಿನಿಂದ ಹೈದರಾಬಾದಿಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದ. ಸುಮಾರು ಹನ್ನೆರಡು ಸಾವಿರ ಕಿಲೋಮೀಟರ್, ಹದಿನಾಲ್ಕು ತಾಸು ಎಂದು ಬಂತು. ಹಾಗಾದರೆ ಭಾನುವಾರ ಬೀದರ ದಾಟಿ ಔರಾದಿಗೆ ಬಂದು, ಮಲಗಿ ಎದ್ದರೂ ವೇಳೆ ಉಳಿಯುತ್ತದೆ ಎಂದು ಆಮಂತ್ರಣ ಪತ್ರಿಕೆ ಹಂಚಿಯೇಬಿಟ್ಟ.

ಆ ಹದಿನಾಲ್ಕು ತಾಸು ನಕಾಶೆಯ ಮೇಲೆ ನೆಟ್ಟಗೆ ಗೆರೆ ಎಳೆದ ಲೆಕ್ಕ. ಆ ಗೆರೆಯ ಮೇಲೆ ಯಾವ ವಿಮಾನವೂ ಹಾರುವುದಿಲ್ಲ. ಮಂಜಿರಿಗೆ ಇದು ತಿಳಿದದ್ದು ಟಿಕೆಟ್ ತೆಗೆಸಲು ಕೂತಾಗ. ಅಣ್ಣನ ಮಾತು ಮಂದಿಯಲ್ಲಿ ಹೋಗಬಾರದೆಂದು, ಸಿಂಗಪುರದಲ್ಲಿ ಇಳಿದು ಓಡಿ ಇನ್ನೊಂದು ವಿಮಾನ ಹತ್ತುವ ಟಿಕೆಟ್ ತೆಗೆಸಿದಳು. ಓಡಿಯೂ ಓಡಿದಳಂತೆ, ಪಾಪ.

ಮುಂದೂಡೋಣವೆಂದರೆ ನಾಳೆ ಅಮಾವಾಸ್ಯೆ, ಅದರಾಚೆಗೆ ಬಂದ ನೆಂಟರು ನಿಲ್ಲುವುದಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಐದು ವರ್ಷದಿಂದ ಊರು ಕಾಣದವಳು ಈ ಒಂದು ಕೆಲಸಕ್ಕೆಂದೇ ಹೊರಟಿದ್ದಳು. ಯಾವ ಹೆಸರೆಂದು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಫೋನನ್ನೇ ಕೂಸಿನ ಕಿವಿಗೆ ಹಿಡಿಯೋಣ ಎಂದ ಅಜಿಂಕ್ಯ. ಬಾಣಂತಿ ರಾಧಿಕಾಳ ಅಜ್ಜಿ ಸತ್ಯಮ್ಮ ಒಪ್ಪಲಿಲ್ಲ.

"ಹೆಸರು ಉಸುರಿನ ಕೂಡ ಕಿವ್ಯಾಗ ಹೋಗಬೇಕ್ರಿ, ಅಳಿಯಂದ್ರ. ಆ ಡಬ್ಬಿಗೆ ಉಸುರು ಎಲ್ಲದ?"

ಕಡೆಗೆ ಮಂಜಿರಿಯೇ ಫೋನಿನಲ್ಲಿ ತಾಯಿಗೆ ಹೇಳಿದಳು, ಚಿಕ್ಕಪ್ಪನ ಮಗಳು ವೃಷಾಲಿ ಅಲ್ಲೇ ಇದ್ದಾಳಲ್ಲ, ಅವಳೂ ಅತ್ತೆಯೇ, ಅವಳ ಕೈಗೆ ಫೋನ್ ಕೊಡು ಎಂದು. ತಾಯಿ ನಲಿನಿಗೆ ಮನಸ್ಸಾಗಲಿಲ್ಲ. ಅದು ನಿನ್ನ ಹಕ್ಕು ಎಂದು ಕಣ್ಣೊರೆಸಿಕೊಂಡಳು.

"ನನ್ನ ದಾರಿ ಕಾಯ್ಕೋತ ಕೂಸು ಹೆಸರಿಲ್ಲದ ಇರ್ಬೇಕೇನು, ಆಯಿ? ಕೊಡು ಅಕಿಗಿ."

ವೃಷಾಲಿ ಫೋನನ್ನು ಕಿವಿಗಿಟ್ಟು ಕೇಳಿಸಿಕೊಂಡು, ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದಿದಳು. ಶರಯು. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದುವುದು ಪದ್ಧತಿ, ಪ್ರೀತಿ ಇದ್ದಷ್ಟೂ ಜೋರು. ಎಲ್ಲರೂ ಮುಗಿಬಿದ್ದರು. ಸತ್ಯಮ್ಮ ಕೂಡ ತನ್ನ ಸಣಕಲು ಮುಷ್ಟಿಯಿಂದ ಎರಡು ಹಾಕಿದಳು. ವೃಷಾಲಿ ಸಾಕು ಸಾಕೆಂದು ನಗುತ್ತ ಬಾಗಿದಳು. ಪಡಸಾಲೆಗೆ ಪಡಸಾಲೆಯೇ ನಕ್ಕಿತು.

ಫೋನ್ ಕಟ್ ಆಗಿರಲಿಲ್ಲ. ಅಜಿಂಕ್ಯ ಅದನ್ನು ಎತ್ತಿಕೊಂಡ. ತಪ್ಪಾಯಿತು ಎನ್ನಬೇಕೆಂದಿದ್ದವನು ಹಾಗೇ ಹೆಂಡತಿಯ ಕೈಗೆ ಕೊಟ್ಟ. ಎಲ್ಲ ಕೇಳಿಸಿತೇನ್ರಿ ಎಂದು ರಾಧಿಕಾ ನಾದಿನಿಯನ್ನು ಕೇಳಿದಳು.

"ಕೇಳಿಸ್ತು, ವೈನಿ," ಎಂದಳು ಮಂಜಿರಿ. "ಒಂದೂ ಪೆಟ್ಟು ನನಗ ಹತ್ತಲಿಲ್ಲ."