ಮೀಸೆ ತೆಗೆಸಿದ ಅಕ್ಕ

ಬಟ್ಟೆಯ ಕಪಾಟಿನ ಹಿಂದೆ ಹೊಟ್ಟೆ ಒಳಗೆಳೆದುಕೊಂಡು ತಮ್ಮ ನಿಂತಿದ್ದ. ಆಚೆ ಬದಿಯಲ್ಲಿ ನಿರ್ದೇಶಕ, ಕಥೆ ಬರೆಯುವವನು ಮತ್ತು ಅಕ್ಕ ಮಾತಾಡುತ್ತಿದ್ದರು.

"ಇನ್ಮೇಲೆ ಒಬ್ಬರೇ ಪತ್ತೇದಾರರು ಸಾಕು," ಎಂದಳು ಅಕ್ಕ. "ಜನ ಒಪ್ಕೊಳ್ತಾರೆ ಬಿಡಿ."

"ತಮ್ಮನಿಗೆ... ಹೇಳೋದು... ಬೇಡ್ವಾ ಮೇಡಂ?" ನಿರ್ದೇಶಕ ಶಿಶುವಿಹಾರದ ಮೇಷ್ಟರ ಹಾಗೆ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಕೇಳಿದ.

"ಕೊನೇ ದೃಶ್ಯ ಮುಗಿಯೋ ತನಕ ಬೇಡ. ಗೊತ್ತಾದ್ರೆ ಅವನ ಕೈಲಿ ಕ್ಯಾಮೆರಾ ಮುಂದೆ ನಿಲ್ಲೋಕಾಗಲ್ಲ."

ತನ್ನನ್ನು ತೆಗೆದುಹಾಕುತ್ತಿದ್ದಾರೆ ಎಂದು ತಮ್ಮನಿಗೆ ಖಾತ್ರಿಯಾಯಿತು.

ಇವರು ಒಡಹುಟ್ಟಿದವರಲ್ಲ, ಟಿವಿಯ ಪತ್ತೇದಾರಿ ಧಾರಾವಾಹಿಯ ಅಕ್ಕ-ತಮ್ಮ. ಅವಳು ಬುದ್ಧಿ ಓಡಿಸುವವಳು, ಅವನು ಗೋಡೆ ಹಾರುವವನು. ಅವಳದು ಇಸ್ತ್ರಿ ಮುರಿಯದ ಕೋಟು, ಅವನದು ಗುಂಡಿ ಕಿತ್ತ ಅಂಗಿ. ಕಥೆಯಲ್ಲಿ ತಮ್ಮ ಹಾರಿ ಹಿಡಿದವನು ಒಂದು ದಿನವೂ ಕಳ್ಳನಾಗಿರುತ್ತಿರಲಿಲ್ಲ. ಅಕ್ಕ ಬಂದು ತಲೆಗೊಂದು ಮೊಟಕಿ ನಿಜವಾದ ಕಳ್ಳನನ್ನು ತೋರಿಸಬೇಕು. ವರ್ಷಗಟ್ಟಲೆ ಹೀಗೆ ಮೊಟಕಿಸಿಕೊಂಡೂ ಅವನು ಸುಖವಾಗಿದ್ದ. ಅದಕ್ಕೆ ಮುಂಚೆ ನಾಯಕರ ಹಿಂದೆ ಗುಂಪಿನಲ್ಲಿ ಕುಣಿಯುತ್ತಿದ್ದವನನ್ನು ಈ ಪಾತ್ರಕ್ಕೆ ಹಟ ಮಾಡಿ ಹಾಕಿಸಿದವಳೇ ಅವಳು. ಈ ಧಾರಾವಾಹಿ ಕೈತಪ್ಪಿದರೆ ಅವನನ್ನು ಕರೆದು ಕೆಲಸ ಕೊಡುವವರು ಯಾರೂ ಇರಲಿಲ್ಲ. ಅದು ಅವನಿಗೂ ಗೊತ್ತು, ಅವನ ಹೆಂಡತಿಗೂ ಗೊತ್ತು.

ಈಗ ಯೋಚಿಸಿದರೆ, ಹೊಗೆ ಎದ್ದು ಬಹಳ ದಿನವಾಗಿತ್ತು.

ಮೊದಲು ಹೋದದ್ದು ಮೀಸೆ. ಅವನ ಆ ಪೊದೆ ಮೀಸೆಗೆ ಅವನಿಗಿಂತ ಹೆಚ್ಚು ಅಭಿಮಾನಿಗಳಿದ್ದರು. "ಬೋಳಿಸಿಬಿಡು, ಚೆನ್ನಾಗಿ ಕಾಣ್ತೀಯ," ಎಂದು ಅಕ್ಕ ಹೇಳಿದಳು. ನಿರ್ದೇಶಕ ಕತ್ತರಿ ತರಿಸಿಯೇಬಿಟ್ಟ. ಅವತ್ತು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ತಮ್ಮ ನಿಜವಾಗಿಯೂ ಅತ್ತಿದ್ದ.

ಆಮೇಲೆ ಕತ್ತಲ ದೃಶ್ಯಗಳು ಹೋದವು. ಮಂಚದ ಕೆಳಗೆ, ಬೀರುವಿನೊಳಗೆ ಇಬ್ಬರೂ ಅವಿತು ಪಿಸುಗುಟ್ಟುತ್ತಿದ್ದಾಗಲೇ ಅವನನ್ನು ನೋಡಿ ಜನ ಬಿದ್ದು ಬಿದ್ದು ನಗುತ್ತಿದ್ದದ್ದು. ಈಗ ಎಲ್ಲವೂ ಮೇಜಿನ ಎದುರುಬದುರು, ಹಾಡುಹಗಲಲ್ಲಿ. ಬಿಡುವಿನಲ್ಲೂ ಅಷ್ಟೇ. ಅವನು ಪಕ್ಕದಲ್ಲಿ ಕೂತು ಏನಾದರೂ ಹರಟಿದರೆ, "ಬೆಳಕಿಗೆ ಬಂದು ಮಾತಾಡು," ಎಂದು ಗದರುವಳು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮೆಸೇಜಿನಲ್ಲೊಂದು ಒಣ ಉತ್ತರ.

ಕ್ಯಾಮೆರಾದ ಪಕ್ಕ ನಿಂತು ಸಂಭಾಷಣೆ ಓದಿ ಹೇಳುವವನನ್ನೂ ಅವಳು ಬೇಡವೆಂದಳು. ಎಲ್ಲ ಬಾಯಿಪಾಠ. ತನ್ನದು ಮಾತ್ರವಲ್ಲ, ತಮ್ಮನದೂ. ಅವನು ಮಾತಾಡುವಾಗ ಅವಳ ತುಟಿ ಅವನ ಮಾತನ್ನೇ ಸದ್ದಿಲ್ಲದೆ ಆಡುವುದನ್ನು ಅವನು ಕಣ್ಣಾರೆ ಕಂಡಿದ್ದ. ಬರಲಿರುವ ಹೊಸಬನಿಗೆ ಹೇಳಿಕೊಡಲು ತಯಾರಿ, ಮತ್ತೇನು? ನಿರ್ದೇಶಕನಂತೂ 'ಆಕ್ಷನ್' ಎನ್ನುವಾಗಲೂ ಅವಳ ಮುಖ ನೋಡಿಯೇ ಕರವಸ್ತ್ರ ಬೀಸುತ್ತಿದ್ದ. ಅಪ್ಪಣೆಗೆ ಕಾಯುವ ಆಳು.

ಮಧ್ಯಾಹ್ನದ ಮೇಲೆ ಕೊನೆಯ ದೃಶ್ಯ. ಅಕ್ಕ ಅವನ ತಲೆಗೆ ಮೊಟಕಬೇಕಿತ್ತು. ಮೊಟಕಿದ ಕೈ ತಲೆಯ ಮೇಲೆಯೇ ಉಳಿಯಿತು. ಕಥೆಯಲ್ಲಿ ಹಾಗಿರಲಿಲ್ಲ. ಕುಯ್ಯುವ ಮುಂಚೆ ಸವರುತ್ತಿದ್ದಾಳೆ ಎಂದುಕೊಂಡ ತಮ್ಮ, ಹಲ್ಲು ಕಚ್ಚಿ ನಟಿಸಿದ.

ನಿರ್ದೇಶಕ ಕರವಸ್ತ್ರ ಇಳಿಸಿದ ಮೇಲೆ ಅವನು ನೆಟ್ಟಗೆ ಅವಳ ಕೋಣೆಗೆ ನುಗ್ಗಿದ. ಅವಳು ಬಾಗಿಲಿಗೆ ಬೆನ್ನು ಹಾಕಿ, ಕೋಟು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಾ ಕೇಳಿಸ್ಕೊಂಡೆ ಅಕ್ಕಾ," ಎಂದ.

ಅವಳು ತಿರುಗಲಿಲ್ಲ.

"ನಿನ್ನನ್ನ ಸ್ವಂತ ಅಕ್ಕನಿಗಿಂತ ಹೆಚ್ಚು ಅಂದ್ಕೊಂಡಿದ್ದೆ. ಕೆಲಸ ಕೊಡಿಸಿದವಳು ನೀನೇ, ಕಿತ್ಕೊಳ್ಳೋದಾದ್ರೆ ಮುಖ ನೋಡಿ ಹೇಳಿ ಕಿತ್ಕೋಬಹುದಿತ್ತು. ನನ್ನ ಮೀಸೆ ಏನು ಮಾಡಿತ್ತು ನಿಂಗೆ?"

ಅವಳು ನಿಧಾನವಾಗಿ ಕೋಟಿನ ತೋಳು ಮಡಚಿದಳು, ಕಾಲರ್ ನೇರ ಮಾಡಿದಳು. ಇಷ್ಟು ಕಲ್ಲುಮನಸ್ಸಿನವಳು ಎಂದು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ರೇಗಿತು. ಕೈಗೆ ಸಿಕ್ಕ ಸ್ಟೀಲ್ ಲೋಟ ತೆಗೆದು ಮೂಲೆಯ ಗೋಡೆಗೆ ಬೀಸಿ ಎಸೆದ.

ಲೋಟ ಠಣ್ಣೆಂದು ಬಡಿದು, ಉರುಳಿ, ಕುಣಿದು ನಿಂತಿತು. ಹೊರಗಿದ್ದ ಮೇಕಪ್‌ನವಳು ಬೆಚ್ಚಿ ಒಳಗೆ ಇಣುಕಿದಳು. ಅಕ್ಕನ ಭುಜ ಒಂದಿಷ್ಟೂ ಅಲುಗಲಿಲ್ಲ.

ಆಗ ತಮ್ಮ ಮೊದಲ ಸಲ ಕೋಣೆಯನ್ನು ಸರಿಯಾಗಿ ನೋಡಿದ. ಗೋಡೆಯ ಮೇಲೆ ಮುಂದಿನ ಕಂತುಗಳಿಗೆಂದು ಅವನ ಅಂಗಿಗಳು ಸಾಲಾಗಿ ಹೊಸ ಗುಂಡಿ ಹಾಕಿಸಿಕೊಂಡು ತೂಗುತ್ತಿದ್ದವು. ಖಾಲಿಯಾಗಿದ್ದದ್ದು ಅವಳ ಕಪಾಟು.

ಚೀಲದ ಜಿಪ್ ಎಳೆದು ತಿರುಗಿದ ಅಕ್ಕ, ಅವನನ್ನು ಕಂಡು ಬೆಚ್ಚಿಬಿದ್ದಳು.

"ಅಯ್ಯೋ, ನೀನಾ? ಯಾವಾಗ ಬಂದೆ? ಏನೋ ಹೇಳ್ತಿದ್ದೆಯೇನೋ... ಬೆಳಕಿಗೆ ಬಾ, ನನ್ನ ಕಡೆ ತಿರುಗಿ ಹೇಳು," ಎಂದಳು ಅಕ್ಕ. ಅವಳ ಕಣ್ಣು ಎಂದಿನಂತೆ, ಮೀಸೆಯಿಲ್ಲದ ಅವನ ತುಟಿಗಳ ಮೇಲೆ ಕಾದು ನಿಂತಿತ್ತು.